ಮರದ ತೂಕ ಎಲ್ಲಿಂದ ಬಂತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ನಾನೇ ಓದುಗರಿಗೆ ಒಂದು ಪ್ರಶ್ನೆ ಹಾಕಿದ್ದೆ. ಅಂಗಳದ ತೆಂಗಿನ ಮರ ಒಂದು ಕಾಲದಲ್ಲಿ ಬರೀ ಒಂದು ಕಾಯಿ. ಈಗ ಬುಡ ಕಡಿದು ಬೀಳಿಸಿದರೆ ನಾಲ್ಕು ಜನ ಸೇರಿದರೂ ಎತ್ತಲಾಗದು. ಅಷ್ಟು ಭಾರ ಎಲ್ಲಿಂದ ಬಂತು ಅಂತ ಮನೆಯ ಮಕ್ಕಳ ಹತ್ತಿರ ಕೇಳಿ ಬರೆಯಿರಿ ಅಂದಿದ್ದೆ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಅಡೂರಿನವರೆಗೆ ಎಲ್ಲ ಕಡೆಯಿಂದ ಪತ್ರ ಬಂದಿವೆ, ವಾಟ್ಸಾಪಿನಲ್ಲೂ ಬಂದಿವೆ. ಹೆಚ್ಚಿನವರ ಉತ್ತರ ಒಂದೇ: ಮಣ್ಣಿನಿಂದ. ಮಕ್ಕಳು ಹಾಗೆ ಹೇಳಿದರೆ ಸರಿ, ಡಿಗ್ರಿ ಮಾಡಿದ ಅಪ್ಪಂದಿರೂ ಅದನ್ನೇ ಬರೆದಿದ್ದಾರೆ! ಜೊತೆಗೆ ದ್ಯುತಿಸಂಶ್ಲೇಷಣೆಯ, ಅಂದರೆ ಎಲೆ ಬೆಳಕಿನಲ್ಲಿ ಆಹಾರ ಮಾಡಿಕೊಳ್ಳುವುದರ, ಪಾಠ ಹೇಳುವ ಟೀಚರುಗಳ ಪ್ರಶ್ನೆಗಳು, ತೋಟದವರ ಪ್ರಶ್ನೆಗಳೂ ಸುಮಾರು ಇವೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಎಲೆ ಮತ್ತು ಬಿಸಿಲಿಗೆ.

ಪ್ರಶ್ನೆ: ಮಾಷ್ಟ್ರೇ, ನಾನು ಕನ್ನಡ ಮಾಧ್ಯಮದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ನೀರು, ಇಂಗಾಲದ ಡೈಆಕ್ಸೈಡ್, ಬಿಸಿಲು, ಪತ್ರಹರಿತ್ತು (ಎಲೆಯ ಹಸಿರು) ಅಂತ ಮಕ್ಕಳು ಗಡಗಡ ಹೇಳುತ್ತಾರೆ. ಪರೀಕ್ಷೆಯಲ್ಲಿ ಪೂರ್ತಿ ಮಾರ್ಕು. ಆದರೆ "ಗಿಡದ ಊಟ ಏನು?" ಅಂದರೆ "ಗೊಬ್ಬರ" ಅನ್ನುತ್ತಾರೆ. ಇದನ್ನು ಸರಿ ಮಾಡುವುದು ಹೇಗೆ? (ಬದಿಯಡ್ಕ)

ಉತ್ತರ: ಟೀಚರೇ, ಮಕ್ಕಳು ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಅಜ್ಜ ಮಳೆಗಾಲಕ್ಕೆ ಮುಂಚೆ ಬುಡ ಬಿಡಿಸಿ ಸೊಪ್ಪು, ಗೊಬ್ಬರ ಹಾಕುವುದನ್ನು ಅವರು ನೋಡಿದ್ದಾರೆ. ಹಾಕಿದ ಮೇಲೆ ಮರ ಚಿಗುರಿದ್ದನ್ನೂ ನೋಡಿದ್ದಾರೆ. ಎಲೆ ಗಾಳಿಯಿಂದ ಏನನ್ನೋ ಎಳೆದುಕೊಂಡದ್ದನ್ನು ಯಾರು ನೋಡಿದ್ದಾರೆ? ನೀವು ಕೊಟ್ಟ ಸಮೀಕರಣ ಪರೀಕ್ಷೆಯ ಕಾಗದದಲ್ಲಿ ಉಳಿಯುತ್ತದೆ, ಅಜ್ಜನ ಗೊಬ್ಬರ ತಲೆಯಲ್ಲಿ ಉಳಿಯುತ್ತದೆ. ಎರಡೂ ಒಂದೇ ತಲೆಯೊಳಗೆ ಜಗಳ ಇಲ್ಲದೆ ಇರುತ್ತವೆ, ಅದೇ ತೊಂದರೆ. ಆ ಜಗಳವನ್ನು ತರಗತಿಯಲ್ಲಿ ನೀವೇ ಹಚ್ಚಬೇಕು.

ನನ್ನ ಅಭಿಪ್ರಾಯದಲ್ಲಿ ಈ ಪಾಠವನ್ನು ಎಲೆಯಿಂದ ಶುರು ಮಾಡಲೇಬಾರದು, ಬೂದಿಯಿಂದ ಶುರು ಮಾಡಬೇಕು. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಒಲೆಗೆ ಸೌದೆ, ಮಡಲು, ಚಿಪ್ಪು ಹಾಕಿ ನೀರು ಕಾಯಿಸುತ್ತಾರೆ, ಅಲ್ವಾ? ಮಕ್ಕಳಿಗೆ ಒಂದು ಕೆಲಸ ಕೊಡಿ. ಚೆನ್ನಾಗಿ ಒಣಗಿದ ಸೌದೆ ಒಂದೆರಡು ಕಿಲೋ ತೂಗಿ, ಖಾಲಿ ಒಲೆಯಲ್ಲಿ ದೊಡ್ಡವರ ಎದುರಿಗೇ ಪೂರ್ತಿ ಉರಿಸಿ, ಮರುದಿನ ತಣ್ಣಗಾದ ಬೂದಿಯನ್ನು ತೂಗಿ ಬರಲಿ. ಕೆಂಡ, ಮಸಿ ಉಳಿಯಬಾರದು, ಬಿಳಿ ಬೂದಿ ಆಗಬೇಕು. ಒಳ್ಳೆಯ ಸೌದೆಯಾದರೆ ನೂರಕ್ಕೆ ಒಂದೆರಡು ಪಾಲು ಬೂದಿ ಸಿಗುತ್ತದೆ, ಎಲೆ, ಮಡಲು ಆದರೆ ಸ್ವಲ್ಪ ಜಾಸ್ತಿ. ಈಗ ತರಗತಿಯಲ್ಲಿ ಕೇಳಿ: ಮರ ಮಣ್ಣಿನಿಂದ ತೆಗೆದುಕೊಂಡ ಸುಣ್ಣ, ಪೊಟ್ಯಾಶ್, ರಂಜಕ ಎಲ್ಲ ಇರುವುದು ಈ ಬೂದಿಯಲ್ಲಿ. ಸಾರಜನಕ ಒಂದು ಹೊಗೆಯ ಜೊತೆ ಹೋಗಿದೆ, ಅದೂ ಸೌದೆಯಲ್ಲಿ ತೀರಾ ಕಡಿಮೆ. ಮರ ಪೂರ್ತಿ ಮಣ್ಣಿನಿಂದಲೇ ಆದದ್ದಾದರೆ ಬೂದಿ ಇಷ್ಟೇ ಯಾಕೆ ಉಳಿಯಿತು? ಉಳಿದದ್ದೆಲ್ಲ ಎಲ್ಲಿ ಹೋಯಿತು?

ಗಾಳಿಗೆ ಹೋಯಿತು ಅಂತ ಯಾರಾದರೂ ಒಬ್ಬರು ಹೇಳುತ್ತಾರೆ. ಹಾಗಾದರೆ ಬಂದದ್ದು ಎಲ್ಲಿಂದ ಅಂತ ನೀವು ಕೇಳುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂದರೆ ಆವತ್ತಿನ ಪಾಠ ಮುಗಿಯಿತು ಅಂತಲೇ ಲೆಕ್ಕ. ಒಣ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ. ಆ ಇಂಗಾಲ ಅಷ್ಟೂ ಗಾಳಿಯಿಂದ ಬಂದದ್ದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ನೂರಕ್ಕೆ 0.04 ಪಾಲು ಮಾತ್ರ. ಅಷ್ಟು ತೆಳುವಾದ ಗಾಳಿಯಿಂದ ಇಷ್ಟು ದಪ್ಪ ಮರ ಆಯಿತು ಅಂದರೆ ನಂಬುವುದು ಕಷ್ಟ, ನಿಜ. ಕಷ್ಟ ಆಗಲಿ, ಸುಮ್ನೆ ಒಪ್ಪಿಕೊಳ್ಳುವುದಕ್ಕಿಂತ ಅದೇ ಒಳ್ಳೆಯದು.

ಆಮೇಲೆ ಹೆಲ್ಮಾಂಟನ ಕಥೆ ಹೇಳಿ. ಈಗಿನ ಬೆಲ್ಜಿಯಂನವನು. ಸುಮಾರು 90 ಕಿಲೋ ಒಣ ಮಣ್ಣನ್ನು ತೂಗಿ ದೊಡ್ಡ ಕುಂಡಕ್ಕೆ ತುಂಬಿ, ಎರಡು ಕಿಲೋ ಚಿಲ್ಲರೆ ತೂಕದ ವಿಲೋ ಸಸಿ ನೆಟ್ಟ. 5 ವರ್ಷ ನೀರು ಮಾತ್ರ ಹಾಕಿದ. ಮರ ಸುಮಾರು 77 ಕಿಲೋ ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು 60 ಗ್ರಾಂ ಆಸುಪಾಸು. ಹಾಗಾದರೆ ಮರ ಅಂದರೆ ಬರೀ ನೀರು ಅಂತ ಅವನು ತೀರ್ಮಾನ ಮಾಡಿದ. ಅವನು ತೀರಿಕೊಂಡ ಮೇಲೆ 1648ರಲ್ಲಿ ಇದು ಅಚ್ಚಾಯಿತು. ತಮಾಷೆ ನೋಡಿ, "ಗ್ಯಾಸ್" ಎಂಬ ಪದವನ್ನು ಹುಟ್ಟಿಸಿದವನೇ ಈ ಹೆಲ್ಮಾಂಟ್. ಇದ್ದಿಲು ಸುಟ್ಟಾಗ ಒಂದು ಬೇರೆ ಅನಿಲ ಬರುತ್ತದೆ ಅಂತ ಗುರುತಿಸಿದವನೂ ಅವನೇ. ನಾವು ಇವತ್ತು ಇಂಗಾಲದ ಡೈಆಕ್ಸೈಡ್ ಅನ್ನುವುದು ಅದನ್ನೇ. ಮರ ತಿನ್ನುವ ವಸ್ತು ಅವನ ಕೈಯಲ್ಲೇ ಇತ್ತು, ಮರದ ಜೊತೆ ಅದನ್ನು ಜೋಡಿಸಲು ಮಾತ್ರ ಅವನಿಗೆ ತೋಚಲಿಲ್ಲ. ಎಲ್ಲಿ ಎಡವಿದ ಅಂತ ಮಕ್ಕಳೇ ಹುಡುಕಲಿ. ವಿಜ್ಞಾನಿ ಎಡವಿದ್ದನ್ನು ಹಿಡಿಯುವುದೆಂದರೆ ಮಕ್ಕಳಿಗೆ ಬಲು ಖುಷಿ.

ಹಾಗಂತ ಗೊಬ್ಬರ ಬೇಡ ಅಂತ ಅರ್ಥ ಮಾಡಿಕೊಂಡು ಮನೆಗೆ ಹೋಗಿ ಅಜ್ಜನ ಜೊತೆ ವಾದ ಮಾಡದಿರಲಿ! ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಮೆಗ್ನೀಸಿಯಂ ಇದೆ, ಸುತ್ತ ಸಾರಜನಕ ಇದೆ. ಮಣ್ಣಿನಿಂದ ಅವು ಸಿಗದಿದ್ದರೆ ಎಲೆ ಹಳದಿಯಾಗುತ್ತದೆ. ಹಳದಿ ಎಲೆ ಎಷ್ಟು ಬಿಸಿಲು ಬಿದ್ದರೂ ಸಕ್ಕರೆ ಮಾಡುವುದು ಅಷ್ಟಕ್ಕಷ್ಟೇ. ತೂಕದಲ್ಲಿ ಚೂರು, ಕೆಲಸದಲ್ಲಿ ದೊಡ್ಡದು, ಅಷ್ಟು ಹೇಳಿದರೆ ಸಾಕು. ದ್ಯುತಿಸಂಶ್ಲೇಷಣೆ ಅನ್ನುವ ಹೆಸರು, ಸಮೀಕರಣ ಎಲ್ಲ ಕೊನೆಯ ದಿನಕ್ಕೆ ಬರಲಿ. ಅಲ್ಲಿಯವರೆಗೆ ಮಕ್ಕಳು ತುಳುವಲ್ಲೋ ಹವ್ಯಕದಲ್ಲೋ ಮಲಯಾಳದಲ್ಲೋ, ಅವರವರ ಮನೆಮಾತಿನಲ್ಲೇ ವಾದ ಮಾಡಲಿ.

ಪ್ರಶ್ನೆ: ಮಗಳ ನೋಟ್ಸಿನಲ್ಲಿ "ಎಲೆ ಗಿಡದ ಅಡುಗೆಮನೆ" ಅಂತ ಇದೆ. ನಮಗೂ ಹಾಗೇ ಹೇಳಿಕೊಟ್ಟಿದ್ದರು. ಇದು ಸರಿಯೇ? (ಮಂಜೇಶ್ವರ)

ಉತ್ತರ: ಚಿಕ್ಕ ಮಕ್ಕಳಿಗೆ ತೊಂದರೆ ಇಲ್ಲ, ಐದನೇ ತರಗತಿ ದಾಟಿದ ಮೇಲೆ ಬಿಟ್ಟುಬಿಡಿ. ಅಡುಗೆಮನೆಗೆ ಅಕ್ಕಿ ಮೊದಲೇ ಬಂದಿರುತ್ತದೆ, ನಾವು ಬೇಯಿಸುತ್ತೇವೆ ಅಷ್ಟೆ. ಅಕ್ಕಿಯಲ್ಲಿರುವ ಶಕ್ತಿಗೆ ನಮ್ಮ ಬೆಂಕಿ ಒಂದು ಕಾಳಿನಷ್ಟೂ ಸೇರಿಸುವುದಿಲ್ಲ. ಎಲೆ ಹಾಗಲ್ಲ. ತಿನ್ನಲು ಆಗದ ಎರಡು ವಸ್ತುಗಳಿಂದ ಅದು ಅಕ್ಕಿಯನ್ನೇ ಮಾಡುತ್ತದೆ, ಬಿಸಿಲಿನ ಶಕ್ತಿ ಆ ಅಕ್ಕಿಯೊಳಗೆ ಕೂತುಬಿಡುತ್ತದೆ. ಅಡುಗೆಮನೆ ಅಂದ ಕೂಡಲೇ ಮಕ್ಕಳು ಬಿಸಿಲನ್ನು ಬರೀ ಬೆಂಕಿ ಅಂದುಕೊಳ್ಳುತ್ತಾರೆ, ಶಾಖ ಕೊಟ್ಟರೆ ಸಾಕು ಅಂತ. ಕತ್ತಲೆ ಕೋಣೆಯಲ್ಲಿ ಒಲೆಯ ಪಕ್ಕ ಇಟ್ಟ ಗಿಡ ಸಕ್ಕರೆ ಮಾಡುವುದಿಲ್ಲ. ಬೇಕಾದದ್ದು ಬೆಳಕು, ಬಿಸಿ ಅಲ್ಲ.

ಪ್ರಶ್ನೆ: ಪಿಷ್ಟದ ಪ್ರಯೋಗ ಮಾಡಿಸಿದೆವು. ಎಲೆಗೆ ಕಪ್ಪು ಕಾಗದ ಸುತ್ತಿ, ಸಂಜೆ ಅಯೋಡಿನ್ ಹಾಕಿದರೆ ಮುಚ್ಚಿದ ಭಾಗವೂ ನೀಲಿ! ಜೂನ್ ತಿಂಗಳಲ್ಲಿ ಇನ್ನೊಮ್ಮೆ ಮಾಡಿದಾಗ ಯಾವ ಭಾಗವೂ ಸರಿಯಾಗಿ ನೀಲಿ ಆಗಲಿಲ್ಲ. ಮಕ್ಕಳ ಎದುರು ಮುಜುಗರ. (ಮುಳ್ಳೇರಿಯ)

ಉತ್ತರ: ಎರಡಕ್ಕೂ ಕಾರಣ ಇದೆ, ಎರಡೂ ಪಾಠಕ್ಕೆ ಒದಗುವಂಥವೇ.

ಮೊದಲನೆಯದು. ಎಲೆ ತಾನು ಮಾಡಿದ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತದೆ, ಪಿಷ್ಟ ಇದ್ದಲ್ಲಿ ಅಯೋಡಿನ್ ನೀಲಿ ಆಗುತ್ತದೆ. ನೀವು ಕಾಗದ ಸುತ್ತುವ ಮೊದಲೇ ಎಲೆಯಲ್ಲಿ ಪಿಷ್ಟ ಇತ್ತು. ಮುಚ್ಚಿದ ಮಾತ್ರಕ್ಕೆ ಅದು ಕೂಡಲೇ ಮಾಯ ಆಗುವುದಿಲ್ಲ. ಹಾಗಾಗಿ ಕುಂಡದ ಗಿಡವನ್ನು ಎರಡು ಮೂರು ದಿನ ಪೂರ್ತಿ ಕತ್ತಲೆಯಲ್ಲಿ ಇಡಬೇಕು. ಆಗ ಗಿಡ ಎಲೆಯ ಪಿಷ್ಟವನ್ನು ಸಕ್ಕರೆ ಮಾಡಿ ಬಳಸಿಕೊಂಡು ಖಾಲಿ ಮಾಡುತ್ತದೆ. ಆಮೇಲೆ ಕಾಗದ ಸುತ್ತಿ, ಆರು ಗಂಟೆ ಒಳ್ಳೆ ಬಿಸಿಲಿಗೆ ಇಡಿ. ನೆಲದಲ್ಲಿ ನೆಟ್ಟ ಗಿಡಕ್ಕೆ ಈ ಕೆಲಸ ಆಗದು.

ಎರಡನೆಯದಕ್ಕೆ ನಮ್ಮ ಮಳೆಗಾಲ ಕಾರಣ. ಕೇರಳದಲ್ಲಿ ಶಾಲೆಯೂ ಜೂನಿಗೆ ಶುರು, ಮಳೆಯೂ ಜೂನಿಗೆ ಶುರು. ದಟ್ಟ ಮೋಡ ಕವಿದ ದಿನ ನೆಲಕ್ಕೆ ಬೀಳುವ ಬೆಳಕು ನೆತ್ತಿಯ ಮೇಲಿನ ಬಿಸಿಲಿನ ಹತ್ತನೇ ಒಂದು ಪಾಲೂ ಇರುವುದಿಲ್ಲ. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಹಾಗಾಗಿ ಅಷ್ಟು ವ್ಯತ್ಯಾಸ ಇದೆ ಅಂತ ಗೊತ್ತೇ ಆಗುವುದಿಲ್ಲ. ಎಲೆ ಮಾಡಿದ ಅಷ್ಟಿಷ್ಟು ಸಕ್ಕರೆ ಅಲ್ಲಲ್ಲಿಗೇ ಖರ್ಚಾಗಿ, ಪಿಷ್ಟ ಕೂಡಿಡುವಷ್ಟು ಉಳಿಯಲಿಲ್ಲ. ಪಠ್ಯದ ಕ್ರಮ ಏನೇ ಇರಲಿ, ಈ ಪ್ರಯೋಗವನ್ನು ನವೆಂಬರ್ ನಂತರಕ್ಕೆ ಇಟ್ಟುಕೊಳ್ಳಿ. ಮುಜುಗರ ಬೇಡ, ದೊಡ್ಡ ವಿಜ್ಞಾನಿಗಳಿಗೂ ಹೀಗೆ ಆಗಿದೆ. 1771ರಲ್ಲಿ ಪ್ರೀಸ್ಟ್ಲಿ ಮುಚ್ಚಿದ ಗಾಜಿನೊಳಗೆ ಪುದೀನ ಇಟ್ಟು, ಮೇಣದ ಬತ್ತಿ ಉರಿದು ಕೆಟ್ಟ ಗಾಳಿ ಮತ್ತೆ ಸರಿಯಾಗುತ್ತದೆ ಅಂತ ತೋರಿಸಿದ. ಕೆಲವು ವರ್ಷ ಬಿಟ್ಟು ಮತ್ತೆ ಮಾಡಿದಾಗ ಒಮ್ಮೆ ಹಾಗೆ, ಒಮ್ಮೆ ಹೀಗೆ ಆಯಿತು. ಬೆಳಕಿನ ಕಡೆ ಅವನ ಗಮನ ಹೋಗಿರಲಿಲ್ಲ. 1779ರಲ್ಲಿ ಇಂಗೆನ್‌ಹೌಸ್ ಬಂದು, ಗಾಳಿ ಸರಿಮಾಡುವುದು ಗಿಡದ ಹಸಿರು ಭಾಗ ಮಾತ್ರ, ಅದೂ ಬೆಳಕಿದ್ದಾಗ ಮಾತ್ರ ಅಂತ ತೋರಿಸಿಕೊಟ್ಟ.

ಎಲೆ ಯಾವುದು ಅಂತ ನೀವು ಬರೆದಿಲ್ಲ. ಬೇಲಿಯ ಕ್ರೋಟನ್ ಆದರೆ ಅದು ದಪ್ಪ, ಮೇಲೆ ಮೇಣದ ಪದರ, ಬಣ್ಣ ಇಳಿಯಲು ತುಂಬ ಹೊತ್ತು ಬೇಕು. ದಾಸವಾಳದ ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಎಲೆ, ಇಲ್ಲವೇ ಕೋಲಿಯಸ್ ಒಳ್ಳೆಯದು. ಬಿಳಿ ಪಟ್ಟೆಯ ಮನಿಪ್ಲಾಂಟ್ ಸಿಕ್ಕಿದರೆ ಕಪ್ಪು ಕಾಗದವೇ ಬೇಡ, ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಅಲ್ಲಿ ನೀಲಿ ಬರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಸೊಪ್ಪು ಮಾತ್ರ ತರಬೇಡಿ. ಅವು ಎಲೆಯಲ್ಲಿ ಸಕ್ಕರೆಯನ್ನು ಪಿಷ್ಟ ಮಾಡಿ ಇಡುವುದಿಲ್ಲ. ಗಿಡ ಕೆಲಸ ಮಾಡಿರುತ್ತದೆ, ಅಯೋಡಿನ್ ಮಾತ್ರ ಇಲ್ಲ ಅನ್ನುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ. ಅಯೋಡಿನ್ ಹಾಕುವ ಮೊದಲು ಎಲೆಯ ಹಸಿರು ಇಳಿಸಲು ಬಳಸುವ ಸ್ಪಿರಿಟ್ಟನ್ನು ಯಾವ ಕಾರಣಕ್ಕೂ ಬೆಂಕಿಯ ಮೇಲೆ ಇಡಬೇಡಿ. ಮೊದಲು ಎಲೆಯನ್ನು ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ. ಆಮೇಲೆ ಒಲೆ ಆರಿಸಿ, ಪೂರ್ತಿ ಆರಿಸಿ, ಪಾತ್ರೆಯನ್ನು ದೂರದ ಮೇಜಿಗೆ ತನ್ನಿ. ಆ ಬಿಸಿ ನೀರೊಳಗೆ ಸ್ಪಿರಿಟ್ ಮತ್ತು ಎಲೆ ಇರುವ ಗಾಜಿನ ಲೋಟ ಇಡಿ. ಸ್ಪಿರಿಟ್ 78 ಡಿಗ್ರಿಗೇ ಕುದಿಯುತ್ತದೆ, ಆಗ ತಾನೇ ಇಳಿಸಿದ ನೀರಿನ ಬಿಸಿ ಸಾಕು. ಸಾಲದಿದ್ದರೆ ನೀರು ಬದಲಿಸಿ, ಬೆಂಕಿ ಹಚ್ಚಬೇಡಿ. ಕಿಟಕಿ ತೆರೆದಿರಲಿ. ಇದನ್ನು ಟೀಚರೇ ಮಾಡಬೇಕು, ಮಕ್ಕಳು ಸ್ವಲ್ಪ ದೂರದಲ್ಲಿ ನಿಂತು ನೋಡಲಿ. ಹಸಿರು ಇಳಿದು ಎಲೆ ಬಿಳಿಚಿದ ಮೇಲೆ ಅದು ಗರಿಗರಿ ಆಗಿ ಮುರಿಯುತ್ತದೆ, ಬಿಸಿ ನೀರಲ್ಲಿ ಒಮ್ಮೆ ಅದ್ದಿ ಮೆತ್ತಗೆ ಮಾಡಿ ತಟ್ಟೆಯಲ್ಲಿ ಹರಡಿ. ಅಯೋಡಿನ್ ಇಲ್ಲದಿದ್ದರೆ ಮೆಡಿಕಲ್ ಶಾಪಿನ ಬೆಟಾಡಿನ್ ದ್ರಾವಣವನ್ನು ತೆಳು ಕಂದು ಬಣ್ಣ ಬರುವಷ್ಟು ನೀರು ಬೆರೆಸಿ ಹಾಕಬಹುದು.

ಇನ್ನೊಂದು ಸುಲಭದ ದಾರಿ ಇದೆ, ಪುಸ್ತಕದಲ್ಲಿ ಇರುವುದಿಲ್ಲ. ಬೇಸಗೆಯಲ್ಲಿ ಒಂದೇ ಗಿಡದಿಂದ ಎರಡು ಎಲೆ ಕಿತ್ತು ಪರೀಕ್ಷೆ ಮಾಡಿ, ಒಂದು ಬೆಳಗ್ಗೆ ಬೆಳಕು ಹರಿಯುವ ಮುಂಚೆ, ಒಂದು ಮಧ್ಯಾಹ್ನ ಮೂರು ಗಂಟೆಯ ಮೇಲೆ. ಬೆಳಗ್ಗಿನ ಎಲೆ ಪೇಲವ, ಮಧ್ಯಾಹ್ನದ್ದು ಕಡು ನೀಲಿ. ಹಗಲು ಕೂಡಿಟ್ಟದ್ದನ್ನು ರಾತ್ರಿ ಬೇರು, ಚಿಗುರು, ಕಾಯಿಗೆ ಕಳಿಸಿಬಿಟ್ಟಿದೆ ಅಂತ ಮಕ್ಕಳು ತಾವೇ ಹೇಳುತ್ತಾರೆ.

ಪ್ರಶ್ನೆ: ಸರ್, ನಾನು ಹತ್ತನೇ ತರಗತಿ. ದ್ಯುತಿಸಂಶ್ಲೇಷಣೆಯ ಸಮೀಕರಣಕ್ಕೆ ಒಂದು ಪುಸ್ತಕದಲ್ಲಿ 6 ಅಣು ನೀರು ಅಂತ ಇದೆ, ಅಕ್ಕನ ಪ್ಲಸ್ ಟು ಪುಸ್ತಕದಲ್ಲಿ 12 ಅಣು ನೀರು ಹಾಕಿ, ಆ ಕಡೆ ಮತ್ತೆ 6 ನೀರು ಬರೆದಿದ್ದಾರೆ. ಕಳೆದರೆ ಎರಡೂ ಒಂದೇ ಅಲ್ವಾ? ಸುಮ್ನೆ ಯಾಕೆ ಉದ್ದ ಮಾಡಿದ್ದು? (ಕುಂಬಳೆ)

ಉತ್ತರ: ತಂಗೀ, ಒಳ್ಳೆಯ ಪ್ರಶ್ನೆ ಕೇಳಿದೆ. ಲೆಕ್ಕಕ್ಕೆ ಎರಡೂ ಒಂದೇ, ಕಥೆ ಮಾತ್ರ ಬೇರೆ.

ಗಿಡ ಬಿಡುವ ಆಮ್ಲಜನಕ ಯಾವುದರಿಂದ ಬಂತು? ಇಂಗಾಲದ ಡೈಆಕ್ಸೈಡಿನಲ್ಲೂ ಆಮ್ಲಜನಕ ಇದೆ, ನೀರಿನಲ್ಲೂ ಇದೆ. ತುಂಬ ಕಾಲ ಎಲ್ಲರೂ ಡೈಆಕ್ಸೈಡಿನಿಂದ ಅಂದುಕೊಂಡಿದ್ದರು. ಇಂಗಾಲ ಇಟ್ಟುಕೊಂಡು ಆಮ್ಲಜನಕ ಬಿಡುತ್ತದೆ ಅಂತ. ಕೇಳಲು ಎಷ್ಟು ಸರಿ ಕಾಣುತ್ತದೆ! 1941ರಲ್ಲಿ ಅಮೆರಿಕದ ರೂಬೆನ್ ಮತ್ತು ಕಾಮೆನ್ ತಮ್ಮ ಸಂಗಡಿಗರ ಜೊತೆ ಒಂದು ಉಪಾಯ ಮಾಡಿದರು. ಸಾಮಾನ್ಯ ಆಮ್ಲಜನಕಕ್ಕಿಂತ ಸ್ವಲ್ಪ ಭಾರದ ಆಮ್ಲಜನಕ-18 ಇರುವ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಆಮ್ಲಜನಕದಲ್ಲಿ ಆ ಭಾರದ್ದು ಸಿಕ್ಕಿತು. ಡೈಆಕ್ಸೈಡಿನಲ್ಲಿ ಭಾರದ್ದನ್ನು ಸೇರಿಸಿ ಕೊಟ್ಟಾಗ ಸಿಗಲಿಲ್ಲ. ಅಂದರೆ ಎಲೆ ಒಡೆಯುವುದು ನೀರನ್ನು.

ಈಗ ಎಣಿಸು. ಹೊರಗೆ ಬರುವುದು 6 ಅಣು ಆಮ್ಲಜನಕ, ಅಂದರೆ 12 ಪರಮಾಣು. ಅಷ್ಟೂ ನೀರಿನಿಂದಲೇ ಬರಬೇಕು. ಒಂದು ನೀರಿನ ಅಣುವಿನಲ್ಲಿ ಒಂದೇ ಆಮ್ಲಜನಕ. ಹಾಗಾಗಿ 12 ನೀರು ಬೇಕೇ ಬೇಕು. ಕೊನೆಗೆ ಬರುವ 6 ನೀರು ಹೊಸದಾಗಿ ಆದದ್ದು, ಅದರಲ್ಲಿರುವ ಆಮ್ಲಜನಕ ಡೈಆಕ್ಸೈಡಿನದು. 6 ಅಂತ ಬರೆದರೂ ಮಾರ್ಕು ಸಿಗುತ್ತದೆ, 12 ಬರೆದರೆ ಯಾವುದು ಎಲ್ಲಿಗೆ ಹೋಯಿತು ಅಂತ ತಿಳಿಯುತ್ತದೆ. ಆ ಡೈಆಕ್ಸೈಡಿನ ಇಂಗಾಲ ಯಾವ ಯಾವ ಹೆಜ್ಜೆಯಲ್ಲಿ ಸಕ್ಕರೆ ಆಗುತ್ತದೆ ಅಂತ ಪತ್ತೆ ಮಾಡಿದ್ದಕ್ಕೆ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ಅಕ್ಕನ ಪುಸ್ತಕದಲ್ಲಿ ಆ ಚಕ್ರದ ಚಿತ್ರ ಇರಬೇಕು, ನೋಡು.

ಪ್ರಶ್ನೆ: ಬಿಸಿಲಿನಿಂದ ಗಿಡಕ್ಕೆ ಆಹಾರ ಅಂತೀರಿ. ಹಾಗಾದರೆ ಜಾಸ್ತಿ ಬಿಸಿಲು ಬಿದ್ದರೆ ಜಾಸ್ತಿ ಫಸಲು ಬರಬೇಕಲ್ಲ? ನಮ್ಮ ತೋಟದ ಪಡುಬದಿಯ ಅಡಿಕೆ ಮರಗಳು ಬಿಸಿಲಿಗೆ ಸುಟ್ಟು ಕಾಂಡ ಸೀಳುತ್ತಿವೆ. (ಪೆರ್ಲ)

ಉತ್ತರ: ತೋಟದವರ ಪ್ರಶ್ನೆಗೆ ಯಾವಾಗಲೂ ತೂಕ ಜಾಸ್ತಿ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ.

ಎಲೆಗೆ ಬೆಳಕು ಏರಿದ ಹಾಗೆ ಸಕ್ಕರೆ ಮಾಡುವ ವೇಗವೂ ಏರುತ್ತದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ಹೆಚ್ಚಿನ ಗಿಡಗಳಲ್ಲಿ ಒಂದೊಂದೇ ಎಲೆಯನ್ನು ನೋಡಿದರೆ ಪೂರ್ತಿ ಬಿಸಿಲಿನ ಸುಮಾರು ಅರ್ಧಕ್ಕೇ ಅದರ ಕೈ ತುಂಬಿರುತ್ತದೆ. ಅದರ ಮೇಲೆ ಬಿದ್ದದ್ದು ಶಾಖವಾಗಿ ಹೋಗುತ್ತದೆ. ಬೇಸಗೆಯ ನಡುಹಗಲು ನೀರು ಸಾಲದೆ ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಂಡರೆ ಗಾಳಿ ಒಳಗೆ ಹೋಗುವುದೇ ಇಲ್ಲ. ಬಿಸಿಲು ಎಷ್ಟಿದ್ದರೇನು, ಇಂಗಾಲ ಬೇಕಲ್ಲ. ಜೋಳ, ಕಬ್ಬು, ರಾಗಿಯಂಥ ಕೆಲವಕ್ಕೆ ಬೇರೆ ಏರ್ಪಾಟು ಇದೆ, ಅವು ಸುಡುಬಿಸಿಲಲ್ಲೂ ದುಡಿಯುತ್ತವೆ. ನಿಮ್ಮ ಕರಿಮೆಣಸು ಇದಕ್ಕೆ ತದ್ವಿರುದ್ಧ, ಅಡಿಕೆಯ ನೆರಳಲ್ಲೇ ಹಸಿರಾಗಿ ಇರುತ್ತದೆ. ಒಟ್ಟು ಲೆಕ್ಕ ನೋಡಿದರೆ, ಹೊಲದ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಸಾಮಾನ್ಯ ಬೆಳೆ ಹಿಡಿದಿಡುವುದು ನೂರಕ್ಕೆ ಒಂದು ಪಾಲಿನ ಆಸುಪಾಸು.

ಕಾಂಡ ಸೀಳುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಧ್ಯಾಹ್ನ ಮೇಲಿನ ತೆಂಕು-ಪಡು ದಿಕ್ಕಿನ ಬಿಸಿಲು ನೇರ ಕಾಂಡಕ್ಕೆ ಬಡಿದು ಅಲ್ಲಿನ ಜೀವಕೋಶಗಳು ಸಾಯುತ್ತವೆ. ಮೊದಲು ಹಳದಿ ಕಲೆ, ಆಮೇಲೆ ಕಂದು, ಆಮೇಲೆ ಸೀಳು. ಹಿರಿಯರು ಮಾಡುತ್ತಿದ್ದದ್ದೇ ಸರಿ: ಸಸಿ ಇರುವಾಗಲೇ ತೆಂಕು, ಪಡು ಬದಿಗೆ ನೆರಳು ಕೊಡುವ ಮರ ಬೆಳೆಸುವುದು, ಅಷ್ಟರವರೆಗೆ ಕಾಂಡಕ್ಕೆ ಸೋಗೆ ಅಥವಾ ಹಾಳೆ ಕಟ್ಟುವುದು, ಇಲ್ಲವೇ ಸುಣ್ಣ ಬಳಿಯುವುದು. ಸೀಳಿದ ಮರ ಗಾಳಿಗೆ ಮುರಿಯುತ್ತದೆ, ಕೊಯ್ಲಿಗೆ ಹತ್ತುವವರಿಗೆ ಮೊದಲೇ ಹೇಳಿ.

ಪ್ರಶ್ನೆ: ಕೆಂಪು ಹರಿವೆಯಲ್ಲಿ ಹಸಿರೇ ಇಲ್ಲವಲ್ಲ, ಅದು ಹೇಗೆ ಆಹಾರ ಮಾಡುತ್ತದೆ? ಮಗ ಕೇಳಿದ, ನನಗೆ ಉತ್ತರ ಗೊತ್ತಿಲ್ಲ. (ಉಪ್ಪಳ)

ಉತ್ತರ: ಇವತ್ತೇ ಪಲ್ಯ ಮಾಡಿ ಅಕ್ಕಾ. ಎರಡು ಎಲೆ ಬೇರೆಯಾಗಿ ನೀರಲ್ಲಿ ಕುದಿಸಿ ಮಗನಿಗೆ ತೋರಿಸಿ. ನೀರು ಕೆಂಪಾಗುತ್ತದೆ, ಎಲೆಯಲ್ಲಿ ಹಸಿರು ಕಾಣಿಸುತ್ತದೆ. ಕೆಂಪು ನೀರಿನಲ್ಲಿ ಕರಗುವ ಬಣ್ಣ, ಪತ್ರಹರಿತ್ತು ಕರಗುವುದಿಲ್ಲ. ಹಸಿರು ಮೊದಲೇ ಇತ್ತು, ಕೆಂಪು ಅದನ್ನು ಮುಚ್ಚಿತ್ತು ಅಷ್ಟೆ. ಹರಿವೆಯೂ ಜೋಳ, ಕಬ್ಬಿನ ಗುಂಪಿನ ಹಾಗೆ ಸುಡುಬಿಸಿಲಲ್ಲಿ ದುಡಿಯುವ ಗಿಡ, ಬೇಸಗೆಯಲ್ಲಿ ಅದು ಅಷ್ಟು ಬೇಗ ಬೆಳೆಯುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಅಶ್ವತ್ಥ ಮರ, ತುಳಸಿ ರಾತ್ರಿಯೂ ಆಮ್ಲಜನಕ ಬಿಡುತ್ತವೆ ಅಂತ ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ಬೇರೆ ಮರಗಳ ಕೆಳಗೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದಂತೆ. ನಿಜವೇ? (ಪೈವಳಿಕೆ)

ಉತ್ತರ: ಎರಡೂ ಅಲ್ಲ. ಆಮ್ಲಜನಕ ಬರುವುದು ನೀರು ಒಡೆದಾಗ, ನೀರು ಒಡೆಯಲು ಬೆಳಕು ಬೇಕು. ಕತ್ತಲೆಯಲ್ಲಿ ಯಾವ ಗಿಡವೂ ಆಮ್ಲಜನಕ ಬಿಡುವುದಿಲ್ಲ, ಅಶ್ವತ್ಥವೂ ಇಲ್ಲ, ತುಳಸಿಯೂ ಇಲ್ಲ. ಅನಾನಸು, ಕಳ್ಳಿ, ಕತ್ತಾಳೆಯಂಥ ಗಿಡಗಳು ರಾತ್ರಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಆಮ್ಲದ ರೂಪದಲ್ಲಿ ಇಟ್ಟುಕೊಳ್ಳುತ್ತವೆ, ಹಗಲು ರಂಧ್ರ ಮುಚ್ಚಿ ಅದರಿಂದ ಸಕ್ಕರೆ ಮಾಡುತ್ತವೆ. ಒಣಭೂಮಿಯಲ್ಲಿ ನೀರು ಉಳಿಸುವ ಉಪಾಯ ಅದು. ಈ ಸುದ್ದಿಯನ್ನೇ ಯಾರೋ ತಿರುಚಿ ಆಮ್ಲಜನಕ ಮಾಡಿರಬೇಕು ಅಂತ ನನ್ನ ಅನುಮಾನ.

ಗಿಡ ಹಗಲೂ ರಾತ್ರಿಯೂ ಉಸಿರಾಡುತ್ತದೆ, ನಮ್ಮ ಹಾಗೇ ಆಮ್ಲಜನಕ ತೆಗೆದುಕೊಂಡು ಡೈಆಕ್ಸೈಡ್ ಬಿಡುತ್ತದೆ. ಹಗಲು ಸಕ್ಕರೆ ಮಾಡುವ ಕೆಲಸದ ಭರಾಟೆಯಲ್ಲಿ ಅದು ಗೊತ್ತಾಗುವುದಿಲ್ಲ. ಮಕ್ಕಳು "ಗಿಡ ಹಗಲು ಆಮ್ಲಜನಕ ಉಸಿರಾಡುವುದಿಲ್ಲ" ಅಂತ ಬರೆಯುತ್ತಾರೆ, ಟೀಚರುಗಳು ಇದನ್ನು ಗಮನಿಸಬೇಕು. ಇನ್ನು ಉಸಿರು ಕಟ್ಟುವ ವಿಷಯ. ಒಬ್ಬ ಮನುಷ್ಯನೇ ದಿನಕ್ಕೆ ಸುಮಾರು ಒಂದು ಕಿಲೋ ಡೈಆಕ್ಸೈಡ್ ಬಿಡುತ್ತಾನೆ. ಪಕ್ಕದಲ್ಲಿ ಮಲಗಿದ ಅಣ್ಣನಿಂದ ಆಗದ ತೊಂದರೆ ಬಯಲಲ್ಲಿ ನಿಂತ ಮರದಿಂದ ಆಗುತ್ತದೆಯೇ? ಮರದ ಕೆಳಗೆ ಮಲಗುವಾಗ ಹೆದರಬೇಕಾದದ್ದು ತೆಂಗಿನಕಾಯಿಗೆ, ಹಾವಿಗೆ.

ಪ್ರಶ್ನೆ: ನಮ್ಮದು ಗುಡ್ಡೆಯ ಮೇಲಿನ ಸಣ್ಣ ಶಾಲೆ. ಲ್ಯಾಬ್ ಅಂತ ಏನೂ ಇಲ್ಲ. ಗಿಡ ಆಮ್ಲಜನಕ ಬಿಡುವುದನ್ನು ಕಣ್ಣಾರೆ ತೋರಿಸಬಹುದೇ? (ಅಡೂರು)

ಉತ್ತರ: ಕೆರೆ ಇದೆಯಲ್ಲ, ಸಾಕು. ಹೈಡ್ರಿಲ್ಲಾ ಅನ್ನುವ ನೀರಗಿಡ, ಕಾಂಡದ ಸುತ್ತ ಸಣ್ಣ ಸಣ್ಣ ಎಲೆಗಳು ಸಾಲು ಸಾಲಾಗಿ ಇರುತ್ತವೆ, ಮಕ್ಕಳೇ ತಂದುಕೊಡುತ್ತಾರೆ. ಆಚಾರ್ಯ ಜಗದೀಶಚಂದ್ರ ಬೋಸ್ ದ್ಯುತಿಸಂಶ್ಲೇಷಣೆಯ ಬಗ್ಗೆ ಮಾಡಿದ ಪ್ರಯೋಗಗಳಿಗೂ ಇದೇ ಗಿಡ. ಗುಳ್ಳೆಗಳು ಬರುವುದನ್ನು ತಾನಾಗಿಯೇ ದಾಖಲಿಸುವ ಯಂತ್ರ ಮಾಡಿದ್ದರು, 1924ರಲ್ಲಿ ಈ ವಿಷಯದ ಮೇಲೆ ಪುಸ್ತಕವನ್ನೂ ತಂದರು. ಮಕ್ಕಳಿಗೆ ಇದನ್ನು ಹೇಳಿ, ನಮ್ಮ ಕೆರೆಯ ಕಳೆಗೆ ಎಷ್ಟು ಮರ್ಯಾದೆ ಅಂತ ಗೊತ್ತಾಗಲಿ.

ದೊಡ್ಡ ಗಾಜಿನ ಭರಣಿಯಲ್ಲಿ ನೀರು ತುಂಬಿ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಗಿಡಕ್ಕೆ ಬೇಕಾದ ಇಂಗಾಲ ಅದರಿಂದ ಸಿಗುತ್ತದೆ. ಹೈಡ್ರಿಲ್ಲಾದ ಕಡಿದ ತುದಿ ಮೇಲೆ ಬರುವ ಹಾಗೆ ತಲೆಕೆಳಗಾಗಿ ಮುಳುಗಿಸಿ. ಮೇಲೆ ಆಲಿಕೆ ಕವುಚಿ, ಆಲಿಕೆ ಇಲ್ಲದಿದ್ದರೆ ಪ್ಲಾಸ್ಟಿಕ್ ನೀರಿನ ಬಾಟ್ಲಿಯ ಮೇಲ್ಭಾಗ ಕತ್ತರಿಸಿದರೂ ಆಗುತ್ತದೆ. ಅದರ ಕೊಳವೆಯ ಮೇಲೆ ನೀರು ತುಂಬಿದ ಪ್ರನಾಳವನ್ನೋ ಸಣ್ಣ ಗಾಜಿನ ಬಾಟ್ಲಿಯನ್ನೋ ಕವುಚಿ ಇಡಿ. ಬಿಸಿಲಿಗೆ ಇಟ್ಟರೆ ಕಡಿದ ತುದಿಯಿಂದ ಗುಳ್ಳೆಗಳು ಒಂದರ ಹಿಂದೆ ಒಂದು ಬರುತ್ತವೆ. ನಿಮಿಷಕ್ಕೆ ಎಷ್ಟು ಅಂತ ಮಕ್ಕಳು ಎಣಿಸಲಿ. ನೆರಳಿಗೆ ತಂದು ಎಣಿಸಲಿ. ಮಳೆಗಾಲವಾದರೆ ಪ್ರಖರವಾದ ಎಲ್‌ಇಡಿ ದೀಪ ಹತ್ತಿರ, ದೂರ ಇಟ್ಟು ಎಣಿಸಿದರೂ ವ್ಯತ್ಯಾಸ ಕಾಣುತ್ತದೆ.

ಆದರೆ ಒಂದು ಎಚ್ಚರ. ನೀರು ಬಿಸಿಯಾದರೆ ಅದರಲ್ಲಿ ಕರಗಿದ ಗಾಳಿಯೂ ಗುಳ್ಳೆಯಾಗಿ ಬರುತ್ತದೆ, ಗಿಡ ಇಲ್ಲದಿದ್ದರೂ! ಹಾಗಾಗಿ ಪಕ್ಕದಲ್ಲಿ ಗಿಡ ಇಲ್ಲದ ಇನ್ನೊಂದು ಭರಣಿ ಇಡಲೇಬೇಕು. ಎಷ್ಟೋ ಕಡೆ ಈ ಎರಡನೇ ಭರಣಿಯನ್ನು ಬಿಟ್ಟುಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ, ಅದಿಲ್ಲದೆ ಗುಳ್ಳೆ ಎಲ್ಲಿಂದ ಬಂತು ಅಂತ ಹೇಳುವ ಹಾಗೇ ಇಲ್ಲ. ಮೂರನೆಯದಾಗಿ, ಕುದಿಸಿ ಆರಿಸಿದ ನೀರಲ್ಲಿ ಸೋಡಾ ಹಾಕದೆ ಗಿಡ ಇಟ್ಟು ನೋಡಿ. ಬಿಸಿಲಿದೆ, ನೀರಿದೆ, ಹಸಿರೂ ಇದೆ, ಆದರೂ ಗುಳ್ಳೆ ಇಲ್ಲದಷ್ಟು ಕಡಿಮೆ. ಯಾವುದು ಕಮ್ಮಿ ಆಯಿತು ಅಂತ ಮಕ್ಕಳ ಹತ್ತಿರ ಕೇಳಿ. ಸಂಗ್ರಹವಾದ ಅನಿಲಕ್ಕೆ ಕಿಡಿ ಇರುವ ಊದುಬತ್ತಿ ಹಿಡಿದರೆ ಕಿಡಿ ಪ್ರಕಾಶಮಾನ ಆಗಬೇಕು. ಕೆಲವು ಸಲ ಆಗುವುದಿಲ್ಲ, ನೀರಿನಲ್ಲಿದ್ದ ಸಾರಜನಕವೂ ಸೇರಿಕೊಂಡಿರುತ್ತದೆ. ಆಗದಿದ್ದರೆ ಆಯಿತು ಅಂತ ಸುಳ್ಳು ಬರೆಸಬೇಡಿ, ಆದದ್ದನ್ನೇ ಬರೆಸಿ.

ಪ್ರಶ್ನೆ: ಕಪಾಟಿನ ಕತ್ತಲೆಯಲ್ಲಿ ಹೆಸರುಕಾಳು ಮೊಳಕೆ ಬಂದು, ಬಿಸಿಲಲ್ಲಿ ಇಟ್ಟದ್ದಕ್ಕಿಂತ ಉದ್ದ ಬೆಳೆದಿದ್ದು ನೋಡಿ ಮೊಮ್ಮಗಳು "ಬೆಳಕು ಬೇಡವೇ ಬೇಡ" ಅಂತ ತೀರ್ಪು ಕೊಟ್ಟಿದ್ದಾಳೆ. (ನೀರ್ಚಾಲು)

ಉತ್ತರ: ಅವಳು ನೋಡಿದ್ದು ಸರಿ, ತೀರ್ಪು ಮಾತ್ರ ಆತುರದ್ದು. ಕತ್ತಲೆಯ ಮೊಳಕೆ ಬೆಳಕು ಹುಡುಕಿಕೊಂಡು ಉದ್ದಕ್ಕೆ ಎಳೆಯುತ್ತದೆ, ಬಣ್ಣ ಪೇಲವ, ಕಾಂಡ ಸಣಕಲು. ಅದು ಬೆಳೆದದ್ದು ಕಾಳಿನಲ್ಲಿ ತಾಯಿಗಿಡ ಕಟ್ಟಿಕೊಟ್ಟ ಬುತ್ತಿಯಿಂದ. ಚೆನ್ನಾಗಿ ಒಣಗಿಸಿ ತೂಗಿದರೆ ಮೊದಲಿನ ಕಾಳಿಗಿಂತ ಹಗುರ ಇರುತ್ತದೆ, ನೀರಿನ ಭಾರ ಮಾತ್ರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ತೆಂಗಿನಲ್ಲೂ ಹಾಗೇ. ಮೊಳಕೆ ಬಂದ ಕಾಯಿ ಒಡೆದಾಗ ಒಳಗೆ ಮೆತ್ತನೆಯ ಗುಂಡು ಸಿಗುತ್ತದಲ್ಲ, ನಮ್ಮಲ್ಲಿ ಕೆಲವರು ಪೊಂಗು ಅನ್ನುತ್ತಾರೆ, ಮಕ್ಕಳು ಮುಗಿಬಿದ್ದು ತಿನ್ನುತ್ತಾರೆ. ಅದು ಕಾಯಿಯ ತಿರುಳನ್ನು ಹೀರಿ ಮೊಳಕೆಗೆ ಕೊಡುವ ಭಾಗ. ಸಸಿಯ ಎಲೆ ಬಿಚ್ಚಿ ಹಸಿರಾಗುವವರೆಗೆ ಅದರಿಂದಲೇ ಜೀವನ. ಕಪಾಟಿನ ಮೊಳಕೆಯನ್ನು ಇನ್ನೂ ಎರಡು ವಾರ ಅಲ್ಲೇ ಬಿಡಲು ಮೊಮ್ಮಗಳಿಗೆ ಹೇಳಿ, ನೀರು ತಪ್ಪಿಸಬೇಡಿ. ಕಾಳು ಚಪ್ಪಟೆಯಾದ ಮೇಲೆ ಏನಾಗುತ್ತದೆ ಅಂತ ಅವಳೇ ಪತ್ರ ಬರೆಯಲಿ.

ಪ್ರಶ್ನೆ: ಮಾವಿನ ಮರದ ತುಂಬ ಬಂದಣಿಕೆ. ಅದರ ಎಲೆಯೂ ಹಸಿರು. ತನ್ನ ಊಟ ತಾನೇ ಮಾಡುವುದಾದರೆ ಮರಕ್ಕೆ ಏನು ತೊಂದರೆ? (ಬಾಯಾರು)

ಉತ್ತರ: ಸಕ್ಕರೆ ಅದು ತಾನೇ ಮಾಡಿಕೊಳ್ಳುತ್ತದೆ, ನೀವು ಹೇಳಿದ್ದು ಸರಿ. ಕದಿಯುವುದು ನೀರು ಮತ್ತು ಲವಣ. ಮಾವಿನ ಕೊಂಬೆಯೊಳಗೆ ಬೇರಿನಂಥದ್ದನ್ನು ಇಳಿಸಿ ಎಳೆದುಕೊಳ್ಳುತ್ತದೆ, ಬೇಸಗೆಯಲ್ಲಿ ಮರಕ್ಕೆ ನೀರು ಸಾಲದಾಗುತ್ತದೆ, ಅದರ ಆಚೆಗಿನ ಕೊಂಬೆ ಒಣಗುತ್ತದೆ. ಎಲೆಯಿಲ್ಲದ ಹಳದಿ ಆಕಾಶಬಳ್ಳಿ ಇದಕ್ಕಿಂತ ಕೆಟ್ಟದ್ದು, ಅದು ಸಕ್ಕರೆಯನ್ನೂ ಬಿಡುವುದಿಲ್ಲ. ಬಂದಣಿಕೆಯನ್ನು ಬರೀ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗಕ್ಕಿಂತ ಸ್ವಲ್ಪ ಕೆಳಗೆ ಕೊಂಬೆಯನ್ನೇ ಕಡಿಯಬೇಕು, ಅದೂ ಹಣ್ಣಾಗುವ ಮುಂಚೆ. ಹಕ್ಕಿಗಳು ಆ ಅಂಟು ಬೀಜವನ್ನು ಪಕ್ಕದ ಮರಕ್ಕೆ ಒರೆಸಿ ಹೋಗುತ್ತವೆ, ಹಾಗಾಗಿ ನೆರೆಮನೆಯವರಿಗೂ ಒಂದು ಮಾತು ಹೇಳಿ ಇಬ್ಬರೂ ಒಟ್ಟಿಗೇ ಕಡಿಸಿ.